ಹಾಳೆ ಸುತ್ತಿದ ಮೂರು ಬಾಟಲಿ: ಪ್ರೊಸೆಕ್ಕೊ, ಕಾವಾ, ಕ್ರೆಮಾಂ

ಶಾಂಪೇನ್ ಬಿಟ್ಟು ಬೇರೆ ಗುಳ್ಳೆ ವೈನ್ ಮುಟ್ಟದ ಗೆಳೆಯ ಒಬ್ಬನಿದ್ದಾನೆ. ಅವನ ಮುಂದೆ ಮೂರು ಬಾಟಲಿಗೆ ಹಾಳೆ ಸುತ್ತಿ ಇಟ್ಟೆ. ಮೂರರ ಬೆಲೆಯೂ ಹೆಚ್ಚುಕಡಿಮೆ ಒಂದೇ, ಶಾಂಪೇನಿಗಿಂತ ಎಷ್ಟೋ ಕಡಿಮೆ. ಹೆಸರು ಕಾಣದಿದ್ದರೆ ನಾಲಿಗೆ ಏನು ಹೇಳುತ್ತದೆ ಅಂತ ನೋಡೋಣ ಅನ್ನಿಸಿತ್ತು.

ಮೊದಲ ಲೋಟದಲ್ಲಿದ್ದದ್ದು ಪ್ರೊಸೆಕ್ಕೊ. ಮೂಗಿಗೆ ಹಿಡಿದ ಕೂಡಲೇ ಪೇರ್ ಹಣ್ಣು, ಬಿಳಿ ಹೂವಿನ ಘಮ. ಇದು ಇಟಲಿಯ ಈಶಾನ್ಯ ಭಾಗದ್ದು. ಕನಿಷ್ಠ ಶೇ 85ರಷ್ಟು ಗ್ಲೆರಾ ದ್ರಾಕ್ಷಿ ಇರಲೇಬೇಕು. ಗುಳ್ಳೆ ಹುಟ್ಟುವುದು ಸಾಮಾನ್ಯವಾಗಿ ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ. ಕೆಲಸ ಬೇಗ ಮುಗಿಯುತ್ತದೆ, ಹಣ್ಣಿನ ತಾಜಾತನವೂ ಉಳಿಯುತ್ತದೆ. ಆದರೆ ನುಂಗಿದ ಮೇಲೆ ಬಾಯಲ್ಲಿ ಏನೂ ನಿಲ್ಲಲಿಲ್ಲ. ನೊರೆಯೂ ಬೇಗ ಇಳಿಯಿತು. ಇನ್ನೊಂದು ಮಾತು: ಲೇಬಲ್ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಅಂತ ಓದಿ ಸಿಹಿ ಇಲ್ಲದ್ದು ಅಂದುಕೊಂಡು ತಂದಿದ್ದೆ. ಅದೇ ಎಡವಟ್ಟು. ಎಕ್ಸ್‌ಟ್ರಾ ಡ್ರೈ ಅಂದರೆ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ. ಲೇಬಲ್ ಮೇಲೆ ‘ಬ್ರೂಟ್’ ಅಂತ ಇದ್ದರೆ 12ಕ್ಕಿಂತ ಕಡಿಮೆ. ಹೆಸರು ಇಟ್ಟವರಿಗೆ ನಮಸ್ಕಾರ!

ಎರಡನೆಯದು ಸ್ಪೇನಿನ ಕಾವಾ. ಸರಿಯಾಗಿ ತಣ್ಣಗಾಗುವ ಮುಂಚೆಯೇ ಬಿರಡೆ ತೆಗೆದೆ, ಅರ್ಧ ನೊರೆ ಮೇಜಿನ ಪಾಲಾಯಿತು. ತಪ್ಪು ವೈನಿನದಲ್ಲ, ನನ್ನದು. ಕಾವಾದಲ್ಲಿ ಗುಳ್ಳೆ ಹುಟ್ಟಿಸುವ ಎರಡನೇ ಹುದುಗು ಬರುವುದು ಬಾಟಲಿಯೊಳಗೇ, ಶಾಂಪೇನಿನ ಹಾಗೆ. ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ವೈನ್ ಅದರ ಜೊತೆ ಎಷ್ಟು ತಿಂಗಳು ಕಳೆಯುತ್ತದೋ ಅಷ್ಟು ಬ್ರೆಡ್ಡಿನ, ಹುರಿದ ಬಾದಾಮಿಯ ರುಚಿ ಸೇರುತ್ತದೆ. ನಾನು ತಂದದ್ದು ಸಾದಾ ಕಾವಾ, ಅಂದರೆ ಕನಿಷ್ಠ 9 ತಿಂಗಳು. ನಿಂಬೆಹುಳಿ ಚೆನ್ನಾಗಿತ್ತು, ಕೊನೆಗೆ ಚೂರು ಕಹಿ. ಗೆಳೆಯ ಮುಖ ಕಿವುಚಿದ. ನನಗೇಕೋ ಬಿಡಲು ಮನಸ್ಸಾಗಲಿಲ್ಲ. ಮುಂದಿನ ವಾರ ‘ರೆಸೆರ್ವಾ’ ಅಂತ ಬರೆದ ಕಾವಾ ತಂದೆ. ಅದಕ್ಕೆ ಕನಿಷ್ಠ 18 ತಿಂಗಳು, ‘ಗ್ರಾನ್ ರೆಸೆರ್ವಾ’ಕ್ಕೆ 30. ಬೆಲೆ ಸ್ವಲ್ಪ ಜಾಸ್ತಿ, ರುಚಿ ಮಾತ್ರ ಬೇರೆಯದೇ. ಗುಳ್ಳೆ ಸಣ್ಣದು, ಮೃದು. ಉಪ್ಪುಪ್ಪಾದ ಕರಿದ ತಿಂಡಿ ಜೊತೆ ಬಾಟಲಿ ಖಾಲಿಯಾದದ್ದೇ ಗೊತ್ತಾಗಲಿಲ್ಲ.

ಮೂರನೆಯ ಲೋಟಕ್ಕೆ ಗೆಳೆಯ ‘ಇದು ಶಾಂಪೇನ್, ಅಲ್ವಾ?’ ಅಂದ. ಹಾಳೆ ಬಿಚ್ಚಿದರೆ ಫ್ರಾನ್ಸಿನ ಬುರ್ಗುಂಡಿ ಸೀಮೆಯ ಕ್ರೆಮಾಂ. ಅವನನ್ನು ಪೂರ್ತಿ ದೂರುವಂತಿಲ್ಲ. ಅಲ್ಲಿ ಮುಖ್ಯವಾಗಿ ಬಳಸುವ ಶಾರ್ಡೊನೆ, ಪಿನೊ ನ್ವಾರ್ ದ್ರಾಕ್ಷಿಗಳೇ ಶಾಂಪೇನಿನಲ್ಲೂ ಇರುತ್ತವೆ. ಕ್ರೆಮಾಂ ಕೂಡ ಕನಿಷ್ಠ 9 ತಿಂಗಳು ಗಸಿಯ ಮೇಲೆ ಕೂರಬೇಕು. ತೊಂದರೆ ಒಂದೇ. ಕ್ರೆಮಾಂ ಅನ್ನುವುದು ಒಂದು ರುಚಿಯಲ್ಲ, ಫ್ರಾನ್ಸಿನ ಸೀಮೆಯಿಂದ ಸೀಮೆಗೆ ಬೇರೆ. ಅಲ್ಸಾಸಿನದು ಹೆಚ್ಚಾಗಿ ಪಿನೊ ಬ್ಲಾಂಕ್ ದ್ರಾಕ್ಷಿಯದು, ಹಗುರ. ಲ್ವಾರ್ ಕಣಿವೆಯದರಲ್ಲಿ ಶೆನಾನ್ ಬ್ಲಾಂಕಿನ ಚುರುಕು ಹುಳಿ. ಊರಿನ ಹೆಸರು ನೋಡದೆ ಕೊಂಡರೆ ಅದೃಷ್ಟದ ಆಟ.

ಹಾಗಾದರೆ ಶಾಂಪೇನಿಗೆ ಅಷ್ಟು ದುಡ್ಡು ಸುಮ್ನೆ ದಂಡವಾ? ಲೇಬಲ್ ಮೇಲೆ ದ್ರಾಕ್ಷಿ ಕೊಯ್ದ ವರ್ಷ ನಮೂದಿಸದ ಶಾಂಪೇನ್ ಗಸಿಯ ಮೇಲೆ ಇರಬೇಕಾದದ್ದು ಕನಿಷ್ಠ 12 ತಿಂಗಳು. ಲೆಕ್ಕದಲ್ಲಿ ಕಾವಾ ರೆಸೆರ್ವಾ ಅದನ್ನು ದಾಟುತ್ತದೆ. ಆದರೆ ಎಷ್ಟೋ ಶಾಂಪೇನ್ ತಯಾರಕರು ನಿಯಮಕ್ಕಿಂತ ಜಾಸ್ತಿ ಕಾಯುತ್ತಾರೆ. ಚಳಿ ಸೀಮೆಯ ಆ ಹರಿತ ಹುಳಿಯೂ ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ.

ಈಗ ನಾನು ಊಟಕ್ಕೆ ತರುವುದು ಕಾವಾ ರೆಸೆರ್ವಾ, ಬ್ರೂಟ್. ಹತ್ತು ಜನ ಸೇರಿ ಹರಟುವಾಗ ಪ್ರೊಸೆಕ್ಕೊ ಸಾಕು, ಅದೂ ಬ್ರೂಟ್ ಆಗಿದ್ದರೆ. ಆ ಗೆಳೆಯ ಬರುವ ದಿನ ಬುರ್ಗುಂಡಿಯ ಕ್ರೆಮಾಂ. ಹಾಳೆ ಸುತ್ತಿಯೇ ಇಡುತ್ತೇನೆ.