ದಾವಣಗೆರೇಲಿ ಬಿದಿರು ಬುಟ್ಟಿ ಕ್ಲಾಸು: ಹೆಣೆಯೋದಲ್ಲ, ಸೀಳೋದು ಕಲಿಯೋಕೆ ಹೋಗ್ರಿ

ಹಳೇ ದಾವಣಗೆರೆ ಕಡೆ ಒಂದು ಹೆಣ್ಮಕ್ಕಳ ಸಂಘದೋರು ಭಾನುವಾರ ಭಾನುವಾರ ಬಿದಿರು ಬುಟ್ಟಿ ಹೆಣೆಯೋದು ಹೇಳಿಕೊಡ್ತಾರೆ, ನಾನೂ ನಮ್ಮ ನಾದಿನಿನೂ ಸೇರಿದ್ವಿ. ಹೋಗ್ಬೇಕಾ ಬೇಡ್ವಾ ಅಂತ ಕೇಳೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಹೋಗ್ರಿ. ಆದ್ರೆ ಎರಡು ಗಂಟೇಲಿ ಚೆಂದದ ಬುಟ್ಟಿ ಹಿಡ್ಕಂಡು ಸ್ಟೇಟಸ್ ಹಾಕ್ಬೇಕು ಅನ್ನೋರಿಗೆ ಇದು ಆಗಿಬರಲ್ಲ.

ಯಾಕಂದ್ರೆ ಇಲ್ಲಿ ಮೊದ್ಲು ಹೆಣೆಯೋಕೇ ಬಿಡಲ್ಲ. ಬೇರೆ ಕಡೆ ಕ್ರಾಫ್ಟ್ ವರ್ಕ್‌ಶಾಪ್ ಅಂತ ಮಾಡ್ತಾರಲ್ಲ, ಅಲ್ಲೆಲ್ಲ ನೀಟಾಗಿ ಕಟ್ ಮಾಡಿ ಬಣ್ಣ ಹಾಕಿದ ಪಟ್ಟಿ ಕೈಗೆ ಕೊಟ್ಟು ಮೇಲೊಂದು ಕೆಳಗೊಂದು ಅಂತ ಹೇಳಿ ಮುಗಿಸಿಬಿಡ್ತಾರೆ. ಇಲ್ಲಿ ಹಸಿ ಬಿದಿರಿನ ಗಳ ಮುಂದೆ ಹಾಕಿ ಕತ್ತಿ ಕೊಡ್ತಾರೆ, ಸೀಳ್ರಿ ಅಂತಾರೆ. ಅಲ್ಲೊಬ್ಬ ಅಜ್ಜಿ ಐತಿ, ಕ್ಲಾಸಿನ ಜೀವ ಅಂದ್ರೆ ಅದೇ. ಗಳಾನ ಯಾವಾಗ್ಲೂ ಅರ್ಧಕ್ಕೇ ಸೀಳ್ಬೇಕು, ಆ ಅರ್ಧಾನ ಮತ್ತೆ ಅರ್ಧ, ಮೂರು ಪಾಲು ಮಾಡೋಕೆ ಹೋದ್ರೆ ಸೀಳು ಸಣ್ಣ ಕಡೆಗೇ ಓಡಿಹೋಗಿ ತುಂಡಾಗುತ್ತೆ. ಅರ್ಧ ಮಾಡುವಾಗ್ಲೂ ಸೀಳು ಒಂದು ಕಡೆ ಜಾರಿದ್ರೆ ನಾವೆಲ್ಲ ಕತ್ತಿ ತಿರುವಿ ಸರಿ ಮಾಡೋಕೆ ನೋಡ್ತೀವಿ, ಅಜ್ಜಿ ಕತ್ತೀನ ಮುಟ್ಟೋದೇ ಇಲ್ಲ, ದಪ್ಪ ಇರೋ ಕಡೆನ ಜಾಸ್ತಿ ಬಗ್ಗಿಸಿ ಎಳೀತಾಳೆ, ಸೀಳು ತಾನಾಗೇ ನಡುವಿಗೆ ವಾಪಸ್ ಬರುತ್ತೆ! "ಅವ್ವಾ, ಕತ್ತಿ ದಾರಿ ತೋರ್ಸಾದಷ್ಟೆ, ಸೀಳಾದು ಕೈ" ಅಂತಾಳೆ. ಗೆಣ್ಣು ಬಂದಾಗ ಮಾತ್ರ ಒಂಚೂರು ಜೋರು ಹಾಕ್ಬೇಕು, ಆಮೇಲೆ ಗೆಣ್ಣಿಂದ ಗೆಣ್ಣಿಗೆ ಪಟಪಟ ಅಂತ ಹೋಗುತ್ತೆ.

ಹಸಿರು ಸಿಪ್ಪೆ ಕಡೆ ದಬ್ಬೆ, ಅಂದ್ರೆ ಸೀಳಿದ ಪಟ್ಟಿ, ಗಟ್ಟಿ, ನೀರೂ ಬೇಗ ಕುಡಿಯಲ್ಲ, ಅದು ಬುಟ್ಟಿ ಹೊರಗೆ ಬರಬೇಕು. ಒಳಗಿನ ಬಿಳೀ ಭಾಗ ಮೆತ್ತಗೆ, ಹುಳ ಹಿಡಿಯೋದು ಅದಕ್ಕೇ, ಅದ್ರಲ್ಲಿ ಹಿಟ್ಟಿನಂಶ ಇರುತ್ತೆ ನೋಡ್ರಿ. ಬಿದಿರನ್ನ ಸ್ವಲ್ಪ ದಿನ ನೀರಲ್ಲಿ ಮುಳುಗ್ಸಿಟ್ರೆ ಆ ಅಂಶ ಇಳಿದು ಕುಟ್ಟೆ ಹುಳದ ಕಾಟ ಕಮ್ಮಿ ಆಗುತ್ತೆ. ನಮ್ಮ ಮನೇಲಿ ಹೊಸ ಮೊರ ತಂದ್ರೆ ಒಂದೆರಡು ವರ್ಷಕ್ಕೆ ಕೆಳಗೆಲ್ಲ ಹಳದಿ ಪುಡಿ ಉದುರ್ತಿತ್ತು, ಕಾರಣ ಈಗ ಗೊತ್ತಾಯ್ತು.

ಹೆಣೆಯೋ ಪಾಠ ಇದ್ರ ಮುಂದೆ ಸಲೀಸು. ತಳಕ್ಕೆ 8 ದಬ್ಬೆ ಅಡ್ಡಡ್ಡ ಇಟ್ರೆ ಸುತ್ತ 16 ತುದಿ ನಿಲ್ತಾವೆ, ಅದ್ರಲ್ಲಿ ಒಂದನ್ನ ಸೀಳಿ 17 ಮಾಡ್ತಾರೆ. ಒಂದೇ ಎಳೆ ಸುತ್ತಿಕೊಂಡು ಹೋಗುವಾಗ ತುದಿಗಳು ಬೆಸ ಸಂಖ್ಯೆ ಇರ್ಬೇಕು, ಇಲ್ಲಾಂದ್ರೆ ಎರಡನೇ ಸುತ್ತಲ್ಲೂ ಎಳೆ ಅದೇ ದಬ್ಬೆ ಮೇಲೇ ಬರುತ್ತೆ, ಹಿಡಿತಾನೇ ಕೂರಲ್ಲ. ಗಣಿತ ಮೇಷ್ಟ್ರೊಬ್ರು ಬ್ಯಾಚಲ್ಲಿ ಇದ್ರು, ಅವ್ರ ಖುಷಿ ನೋಡ್ಬೇಕಿತ್ತು.

ನಮ್ಮೂರ ಬಿಸಿಲಿಗೆ ದಬ್ಬೆ ಬೇಗ ಒಣಗಿ ಮುರಿಯೋಕೆ ಶುರು ಆಗುತ್ತೆ, ಅದಕ್ಕೆ ಪಕ್ಕದಲ್ಲಿ ಒದ್ದೆ ಗೋಣಿಚೀಲ ಹೊದಿಸಿ ಇಟ್ಟಿರ್ತಾರೆ. ಮನೇಲಿ ಮಾಡೋರು ಇದನ್ನ ಮರೀಬೇಡ್ರಿ.

ಈಗ ಬೈಬೇಕಾದ್ದು. ಬುಟ್ಟಿ ಬಾಯಿ ಕಟ್ಟೋದು, ಅಂಚಿಗೆ ದಬ್ಬೆ ಸುತ್ತಿ ತುದಿ ಒಳಗೆ ಸೇರಿಸೋದು ಐತಲ್ಲ, ಅದನ್ನ ಸರಿಯಾಗಿ ಹೇಳಿಕೊಡಲ್ಲ. ಆ ಹೊತ್ತಿಗೆ ಟೈಮ್ ಆಗಿರುತ್ತೆ, ಕಲಿಸೋ ಅಕ್ಕಾರು "ಕೊಡಿಲ್ಲಿ" ಅಂತ ಕಿತ್ಕಂಡು ಕಣ್ಮುಚ್ಚಿ ತೆಗೆಯೋದ್ರಲ್ಲಿ ಮುಗಿಸಿ ವಾಪಸ್ ಕೊಟ್ಬಿಡ್ತಾರೆ. ಬುಟ್ಟಿ ಬಿಚ್ಕಳೋದೇ ಅಂಚಿಂದ ಅಂದ್ಮೇಲೆ ಅದನ್ನ ಕಲಿಸ್ದೇ ಇದ್ರೆ ಹೆಂಗೆ? ನಾದಿನಿ ಬಿಡದೇ ಕೇಳಿ ಕೇಳಿ ಇನ್ನೊಂದ್ಸಲ ನಿಧಾನಕ್ಕೆ ಮಾಡಿಸಿ ವಿಡಿಯೋ ತಗಂಡ್ಳು, ನೀವೂ ಹಂಗೇ ಮಾಡ್ರಿ. ಹತ್ತಕ್ಕೆ ಅಂದ್ರೆ ಹತ್ತೂ ಮುಕ್ಕಾಲಾಗುತ್ತೆ, ಅದು ಹೋಗ್ಲಿ ಬಿಡ್ರಿ. ನೆಲದ ಮೇಲೆ ಕೂತು ಕಾಲಲ್ಲಿ ಹಿಡಿದು ಹೆಣೀಬೇಕು, ಮಂಡಿ ನೋವಿರೋರಿಗೆ ಕಷ್ಟ, ಒಂದು ಮಣೆ ಕೇಳಿ ಇಸ್ಕಳ್ರಿ.

ಫೀಸು ಮನೆಮಂದಿಯೆಲ್ಲ ಹೋಗಿ ಬೆಣ್ಣೆ ದೋಸೆ ತಿಂದು ಬಂದಷ್ಟು, ಬಿದಿರೂ ಅದ್ರಲ್ಲೇ ಬಂತು, ನಡುವೆ ಮಂಡಕ್ಕಿ ಮಿರ್ಚಿ ಬೇರೆ. ಗೋಡೆ ಮೇಲೆ ಮೇದಾರ ಕೇತಯ್ಯನ ಫೋಟೋ ಹಾಕಿದಾರೆ, ಬಸವಣ್ಣನ ಕಾಲದ ಶರಣರು, ಬಿದಿರಿನ ಕಾಯಕ ಮಾಡ್ತಾ ಗವರೇಶ್ವರ ಅನ್ನೋ ಅಂಕಿತದಲ್ಲಿ ವಚನ ಹೇಳ್ದೋರು. ಈ ಸಂಘದೋರ ಮನೆತನದ ಕಸುಬೇ ಇದು. ಮೊದ್ಲು ಚನ್ನಗಿರಿ ಕಡೆ ಅಡಿಕೆ ತೋಟದೋರು ಬುಟ್ಟಿ ಒಯ್ತಿದ್ರಂತೆ, ಈಗ ಅಲ್ಲೂ ಪ್ಲಾಸ್ಟಿಕ್ಕೇ. ಬಿದಿರು ಮಲೆನಾಡಿಂದ ತರಿಸ್ಬೇಕು, ಲಾರಿ ಬಾಡಿಗೇಲೇ ಲಾಭ ಹೋಗುತ್ತೆ ಅಂತಾರೆ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದಿ ಕಾಡಿನ ಹೊರಗೆ ಬೆಳೆದ ಬಿದಿರನ್ನ ಮರದ ಪಟ್ಟಿಯಿಂದ ತೆಗೆದ್ರು, ತೋಟದ ಬದುವಿನಲ್ಲಿ ಯಾರು ಬೇಕಾದ್ರೂ ಬೆಳೆದು ಕಡೀಬಹುದು ಅಂತಾಯ್ತು, ಆದ್ರೂ ನಮ್ಮ ಕಡೆ ಬದುವಿಗೆ ತೆಂಗು ಬಿಟ್ರೆ ಇನ್ನೇನೂ ಹಾಕಲ್ಲ ಅಂತಾರಲ್ಲ, ನಮ್ಮ ಭಾವಂಗೂ ಹೇಳಿ ಸಾಕಾಯ್ತು.

ಹೋಗೋರು ಹಳೇ ಬಟ್ಟೆ ಹಾಕ್ಕಂಡು ಹೋಗ್ರಿ, ಬ್ಯಾಂಡೇಡ್ ಇಟ್ಕಳ್ರಿ, ದಬ್ಬೆ ಅಂಚು ಬ್ಲೇಡಿಗಿಂತ ಹರಿತ ಇರುತ್ತೆ. ಗೌರಿ ಹಬ್ಬ ಹತ್ರ ಬಂತು ಅಂದ್ರೆ ಬಾಗಿನದ ಮೊರಕ್ಕೆ ಆರ್ಡರ್ ಬಂದು ಕ್ಲಾಸು ನಿಲ್ಲಿಸ್ತಾರೆ, ಅದ್ಕಿಂತ ಮುಂಚೇನೇ ಹೆಸ್ರು ಬರೆಸ್ರಿ. ಮತ್ತೆ ಮೊರ ಬೇಕಾದೋರು ಅಂಗಡಿಗೆ ಹೋಗೋ ಬದ್ಲು ಇಲ್ಲೇ ಹೇಳಿ ಮಾಡಿಸ್ಕಳ್ರಿ, ನಾನು ಎರಡು ಜೊತೆಗೆ ಹೇಳಿ ಬಂದಿದೀನಿ.