ಹಿತ್ತಾಳೆ ಕ್ಯಾರಿಯರ್‌ಗೆ ಮ್ಯೂಸಿಯಂ ಮೇಣ: ಬಳ್ಳಾರಿ ಬಿಸಿಲಿನಲ್ಲಿ ಬಳಸಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ: ಮೇಣದ ಮೇಲೆ ನನ್ನ ತಕರಾರಿಲ್ಲ, ಅದನ್ನು ತುಂಬಿ ಕೊಟ್ಟ ಡಬ್ಬಿಯ ಮೇಲಿದೆ. ಹಳೆಯ ಬುತ್ತಿಡಬ್ಬಿಗಳನ್ನು ಕೂಡಿಡುವ ಹುಚ್ಚು ಇರುವವರು ಮೈಕ್ರೋಕ್ರಿಸ್ಟಲೈನ್ ಮೇಣದ ಹೆಸರು ಕೇಳಿಯೇ ಇರುತ್ತಾರೆ. ಪೆಟ್ರೋಲಿಯಂನಿಂದ ಬರುವ ನುಣ್ಣನೆಯ ಮೇಣ ಅದು; ಹಳೆಯ ವಸ್ತುಗಳನ್ನು ಕಾಪಾಡಲು ಹಚ್ಚುವ ಅದರ ಪಾಲಿಶ್ 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ನಾನು ತರಿಸಿದ್ದು ಅದೇ ಜಾತಿಯ, ಇನ್ನೊಂದು ಕಂಪನಿಯ ಸರಕು. ಬೆಲೆ ನೋಡಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅದಕ್ಕೂ ಮೊದಲು ಎಲ್ಲರಂತೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆ. ಎಣ್ಣೆ ಹಚ್ಚಿದ ದಿನ ಹಿತ್ತಾಳೆ ಥಳಥಳಿಸುತ್ತದೆ, ನಿಜ. ಆಮೇಲೆ ಅದು ಅಂಟಂಟಾಗಿ, ಸಂದುಗಳಲ್ಲಿ ಹಿತ್ತಾಳೆಯೊಳಗಿನ ತಾಮ್ರದೊಂದಿಗೆ ಬೆರೆತು ಹಸಿರು ಜಿಡ್ಡಾಗುತ್ತದೆ. ಮೇಲೆ ನಮ್ಮ ಜಿಲ್ಲೆಯ ದೂಳು ಬೇರೆ. ಸಂಡೂರಿನ ಕಡೆಯ ಅದಿರು ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಮನೆಯಿದ್ದವರಿಗೆ ಗೊತ್ತು, ಕಿಟಕಿ ಮುಚ್ಚಿದರೂ ಕಪಾಟಿನೊಳಗೆ ಕೆಂಪು ಪದರ ಕೂರುತ್ತದೆ. ಈ ದೂಳನ್ನು ಒಣಬಟ್ಟೆಯಿಂದ ಒರೆಸಬಾರದು. ಮೋಸ್ ಗಡಸುತನದ ಮಾಪಕದಲ್ಲಿ ಕಬ್ಬಿಣದ ಅದಿರು 5–6ರ ಆಸುಪಾಸಿನಲ್ಲಿದ್ದರೆ ಹಿತ್ತಾಳೆ 3ರ ಆಸುಪಾಸಿನಲ್ಲಿದೆ. ಒರೆಸಿದಷ್ಟೂ ಗೀರು ಬೀಳುತ್ತದೆ. ಮೇಣ ಹಚ್ಚಿದ ಡಬ್ಬಿಯ ಮೇಲೆ ದೂಳು ಕೂರುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಮೆತ್ತನೆಯ ಕುಂಚ ಆಡಿಸಿದರೆ ಉದುರುತ್ತದೆ. ಕೊಟ್ಟ ಹಣದಲ್ಲಿ ಅರ್ಧ ಅಲ್ಲಿಗೇ ವಸೂಲಾಯಿತು.

ಹಚ್ಚುವ ಕೆಲಸವೇ ಒಂದು ಸುಖ. ಭಾನುವಾರ ಬೆಳಿಗ್ಗೆ ಒಂದು ಕ್ಯಾರಿಯರ್ ಬಿಚ್ಚುತ್ತೇನೆ: ತಟ್ಟೆಮುಚ್ಚಳ, ನಾಲ್ಕು ಬಟ್ಟಲು, ಎರಡು ಬದಿಯ ಪಟ್ಟಿ, ಹಿಡಿಕೆ, ಕೊಂಡಿ. ಅಂಟುವಾಳದ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಇಡುತ್ತೇನೆ. ಕೊಂಡಿಯ ಕೀಲಿನಲ್ಲಿ ಉಳಿದ ತೇವ ಆರಬೇಕು, ಲೋಹ ಅಂಗೈಗೆ ಉಗುರುಬೆಚ್ಚಗೆ ತಾಗಬೇಕು. ಹತ್ತು ಗಂಟೆ ದಾಟಿದರೆ ನಮ್ಮೂರಿನ ಬಿಸಿಲಿಗೆ ಹಿತ್ತಾಳೆ ಕಾದುಬಿಡುತ್ತದೆ, ಮೇಣ ಹರಡುವ ಮೊದಲೇ ಆರಿ ಗೆರೆಗೆರೆಯಾಗುತ್ತದೆ. ಹಳೆಯ ಬನಿಯನ್ ತುಂಡಿನ ತುದಿಯಲ್ಲಿ ಕಡಲೆಬೇಳೆಯಷ್ಟು ಮೇಣ ಸಾಕು. ಜೀನ್ಸ್ ಹೊಲಿಯುವ ಊರಿನಲ್ಲಿ ಬಟ್ಟೆ ಚೂರಿಗೆ ಬರವಿಲ್ಲ, ಆದರೆ ಆ ಒರಟು ಬಟ್ಟೆ ಈ ಕೆಲಸಕ್ಕೆ ಬೇಡ. ತೆಳುವಾಗಿ ಸವರಿದ ಮೇಲೆ ಹೊಳಪು ಮಸುಕಾಗುತ್ತದೆ. ಆಗ ಇನ್ನೊಂದು ಬಟ್ಟೆಯಿಂದ ಉಜ್ಜಿದರೆ ಒಳಗಿನಿಂದ ಬೆಳಕು ಬಂದಂತೆ ಬಣ್ಣ ಮೇಲೇಳುತ್ತದೆ. ಹೊಸ ಪಾತ್ರೆಯ ಹಳದಿಯಲ್ಲ, ಬಳಸಿ ಬಳಸಿ ಬಂದ ಕಂದುಹಳದಿ. ಹುಣಸೆಹಣ್ಣು, ಉಪ್ಪು ಹಾಕಿ ಬೆಳಗಿದರೆ ಮೊದಲು ಹೋಗುವುದು ಈ ಬಣ್ಣವೇ. ಹುಳಿಯನ್ನು ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಯೊಳಗಿನ ಸತು ಕರಗಿ ಮೈ ಗುಲಾಬಿ ಕಲೆಯಾಗುತ್ತದೆ.

ಒಂದು ದೂರು ಎಲ್ಲರದ್ದೂ ಇದೆ: ಸಂದುಗೊಂದಿಗಳಲ್ಲಿ ಮೇಣ ಬೆಳ್ಳಗೆ ಉಳಿಯುತ್ತದೆ. ರಿವೆಟ್ ಸುತ್ತ ಉಳಿದದ್ದನ್ನು ತೆಗೆಯಲು ನಾನೂ ಗೊಣಗುತ್ತಾ ಹಲ್ಲುಜ್ಜುವ ಬ್ರಷ್ ಹಿಡಿಯುತ್ತೇನೆ. ಆದರೆ ನಮ್ಮ ಕಡೆ ಕ್ಯಾರಿಯರ್ ಮೇಲೆ ಹೆಸರು ಹಾಕಿಸುವ ಪದ್ಧತಿಯಿತ್ತಲ್ಲ, ಮೊನೆ ಉಳಿಯಿಂದ ಚುಕ್ಕೆ ಚುಕ್ಕೆ ಕುಟ್ಟಿದ ಅಕ್ಷರ? ಸವೆದು ಓದಲಾಗದಂತಿದ್ದ ಒಂದು ಮುಚ್ಚಳದ ಮೇಲೆ ಆ ಚುಕ್ಕೆಗಳಲ್ಲಿ ಮೇಣ ಕೂತು, ತವರುಮನೆಯವರು ಕೊಟ್ಟದ್ದು ಎಂಬ ಸಾಲು ಬಿಳಿಯಾಗಿ ಎದ್ದು ಬಂತು. ಅದನ್ನು ಮಾತ್ರ ಬ್ರಷ್ ಮುಟ್ಟಿಸದೆ ಬಿಟ್ಟಿದ್ದೇನೆ.

ಇನ್ನು ಡಬ್ಬಿಯ ವಿಚಾರ. ಈ ಮೇಣವನ್ನು ಮೆತ್ತಗಿಡುವುದು ಅದರಲ್ಲಿ ಬೆರೆಸಿದ ದ್ರಾವಕ. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಅದು ಹಾರಿಹೋಗುತ್ತದೆ, ನಲವತ್ತು ಡಿಗ್ರಿ ದಾಟುವ ಊರಿನಲ್ಲಂತೂ ಕೇಳುವುದೇ ಬೇಡ. ನನ್ನದರ ಮುಚ್ಚಳ ಮೊದಲ ದಿನದಿಂದಲೇ ಸಡಿಲ. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಬೆಣ್ಣೆಯಂತಿದ್ದ ಮೇಣ ಅಂಚು ಬಿಟ್ಟು ಬಿರುಕು ಬಿಟ್ಟಿತ್ತು. ಮಾರಿದವರಿಗೆ ಫೋಟೊ ಕಳಿಸಿದರೆ ‘ತಂಪಾದ ಜಾಗದಲ್ಲಿಡಿ’ ಎಂಬ ಉತ್ತರ. ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ತಂಪಾದ ಜಾಗ ಫ್ರಿಜ್ ಒಂದೇ, ಅಲ್ಲಿ ಮೊಸರಿನ ಪಕ್ಕ ಇದನ್ನಿಡಲು ನಮ್ಮ ಅಮ್ಮ ಒಪ್ಪುವುದಿಲ್ಲ. ಇಷ್ಟು ಬೆಲೆ ಹೇಳುವವರು ಒಂದು ರಬ್ಬರ್ ಬಳೆಯನ್ನಾದರೂ ಕೂರಿಸಬಾರದೇ? ಕೊನೆಗೆ ಬಣ್ಣದ ಅಂಗಡಿಯ ಮಿನರಲ್ ಟರ್ಪೆಂಟೈನ್ ಕೆಲವು ಹನಿ ಬೆರೆಸಿ, ಬಿಗಿ ಮುಚ್ಚಳದ ಗಾಜಿನ ಸೀಸೆಗೆ ವರ್ಗಾಯಿಸಿದೆ. ಅಲ್ಲಿಂದ ಸರಿಯಾಗಿದೆ. ಥಿನ್ನರ್ ಬೆರೆಸಬೇಡಿ, ಬಣ್ಣವಿರುವ ಬುತ್ತಿಡಬ್ಬಿಗೆ ಹಚ್ಚಿದರೆ ಬಣ್ಣವೇ ಎದ್ದುಬರುತ್ತದೆ.

ಬಣ್ಣದ ತಗಡಿನ ಡಬ್ಬಿಗಳ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಅಲಾಡಿನ್ ಕಂಪನಿ 1950ರಲ್ಲಿ ಕೌಬಾಯ್ ಚಿತ್ರ ಅಂಟಿಸಿದ ಊಟದ ಡಬ್ಬಿ ಮಾರತೊಡಗಿದ ಮೇಲೆ, ಅಲ್ಲಿನ ಸಂಗ್ರಾಹಕರಿಗೆ ಚಿತ್ರವೇ ಆಸ್ತಿ. ಅಂಥ ಡಬ್ಬಿಗೆ ಹುಳಿಯೂ ಬೇಡ, ಬೂದಿಯೂ ಬೇಡ. ಮೇಣವನ್ನು ಕೂಡ ಮೊದಲು ತಳದ ಮೂಲೆಯಲ್ಲಿ ಹಚ್ಚಿ, ಬಟ್ಟೆಗೆ ಬಣ್ಣ ಹತ್ತುತ್ತದೆಯೇ ನೋಡಬೇಕು.

ಊಟಕ್ಕೆ ಬಳಸುವ ಕ್ಯಾರಿಯರ್ ಆದರೆ ಮೇಣ ಹೊರಮೈಗಷ್ಟೇ. ಒಳಗೆ ಕಲಾಯಿಯೇ, ಅಂದರೆ ತವರದ ಲೇಪವೇ ಆಗಬೇಕು. ಕೌಲ್ ಬಜಾರಿನಲ್ಲಿ ಕಲಾಯಿ ಹಾಕುವ ಅಜ್ಜ ನನ್ನ ಬಟ್ಟಲನ್ನು ಮೂಸಿ ನೋಡಿ, ‘ಏನೋ ಹಚ್ಚಿದ್ದೀಯಲ್ಲಪ್ಪ, ಜಿಡ್ಡಿದ್ದರೆ ತವರ ಹಿಡಿಯುವುದಿಲ್ಲ’ ಎಂದು ಕುಲುಮೆಗೆ ಇಡುವ ಮೊದಲು ಇನ್ನೊಮ್ಮೆ ತಿಕ್ಕಿಸಿದರು. ತವರ 232 ಡಿಗ್ರಿಗೆ ಕರಗುತ್ತದೆ; ಆ ಬಿಸಿಗೆ ಹೊರಗಿನ ಮೇಣವೂ ಉಳಿಯುವುದಿಲ್ಲ. ಆದ್ದರಿಂದ ಕಲಾಯಿ ಮೊದಲು, ಮೇಣ ಆಮೇಲೆ.

ಮೇಣಕ್ಕೆ ಐದಕ್ಕೆ ನಾಲ್ಕೂವರೆ, ಡಬ್ಬಿಗೆ ಒಂದು. ಕಪಾಟಿನಲ್ಲಿ ಎರಡು ಮೂರು ಕ್ಯಾರಿಯರ್ ಇಟ್ಟುಕೊಂಡವರಿಗೆ ಇದು ದುಬಾರಿ. ಅಂಟುವಾಳದ ನೀರಿನಲ್ಲಿ ತೊಳೆದು ಹತ್ತಿಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ಹೆಚ್ಚಿದ್ದವರು ಚಿಕ್ಕ ಡಬ್ಬಿಯನ್ನೇ, ಮಳೆ ಹಿಡಿದ ಮೇಲೆ ತರಿಸಿಕೊಳ್ಳಿ. ಗಾಜಿನ ಸೀಸೆಯನ್ನು ಮೊದಲೇ ತೊಳೆದು ಒಣಗಿಸಿಟ್ಟಿರಿ.