ಉಡುಪಿಗೆ ಬರುವವರೇ, ಬೆಳಗಿನ ಜಾವ "ಅಮ್ಮಾ, ಯಾವೂರು?" ಎಂದು ಚೀಲ ಇಸಿದುಕೊಳ್ಳುವವರ ಬಗ್ಗೆ ಎಚ್ಚರ

ನಮ್ಮ ದೊಡ್ಡಮ್ಮ ದೊಡ್ಡಪ್ಪ ಉಡುಪಿಯಲ್ಲಿ ಒಬ್ಬ ಆಟೊದವನ ನಯದ ಮಾತು ನಂಬಿ, ಇಲ್ಲದ ಬೋಟಿಗೆ ದುಡ್ಡು ಕೊಟ್ಟು ಮೋಸ ಹೋದರು. ಇದನ್ನು ಬರೆಯಲು ಎರಡು ವಾರ ತಡ ಮಾಡಿದೆ. "ಹೋಗ್ಲಿ ಬಿಡು ತಮ್ಮಾ, ಮಂದಿಗೆ ಯಾಕ ಹೇಳ್ತಿ" ಎಂದು ದೊಡ್ಡಮ್ಮ ತಡೆದಿದ್ದರು. ಆದರೆ ಮೊನ್ನೆ ಭಾನುವಾರ ನಮ್ಮ ಆಫೀಸಿನವರೊಬ್ಬರ ಅತ್ತೆ ಮಾವನಿಗೂ ಹೆಚ್ಚು ಕಡಿಮೆ ಹೀಗೇ ಆಗಿದೆ ಎಂದು ಗೊತ್ತಾಯಿತು. ಅದೇ ಮಾತು, ಅದೇ ಬೋಟಿನ ಕಥೆ. ಇನ್ನು ಸುಮ್ನೆ ಇರುವುದು ಸರಿಯಲ್ಲ ಅನ್ನಿಸಿತು.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಅಮ್ಮನ ತವರು ಹಾವೇರಿ ಕಡೆ. ದೊಡ್ಡಮ್ಮ ದೊಡ್ಡಪ್ಪ ಇಬ್ಬರಿಗೂ ಎಪ್ಪತ್ತರ ಹತ್ತಿರ ವಯಸ್ಸು. ಉಡುಪಿ ಕೃಷ್ಣನನ್ನು ನೋಡಬೇಕು, ಸಮುದ್ರ ನೋಡಬೇಕು ಎಂಬುದು ಅವರ ಎಷ್ಟೋ ವರ್ಷದ ಆಸೆ. ಜೂನ್ ಎರಡನೇ ವಾರ ರಾತ್ರಿ ಬಸ್ಸು ಹತ್ತಿ ಹೊರಟರು. ನನಗೆ ಅಂದು ರಜೆ ಸಿಗಲಿಲ್ಲ. "ಬೆಳಿಗ್ಗೆ ಉಡುಪಿಯಲ್ಲಿ ಇಳಿದು ದರ್ಶನ ಮಾಡಿ, ಮಠದಲ್ಲೇ ಊಟ ಮಾಡಿ. ಸಂಜೆ ನಾನು ಬಂದು ಮಂಗಳೂರಿಗೆ ಕರೆದುಕೊಂಡು ಬರುತ್ತೇನೆ. ಏನೂ ಹೆದರಬೇಡಿ, ನಮ್ಮ ಕಡೆ ಜನ ಒಳ್ಳೆಯವರು, ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ" ಎಂದು ಫೋನಿನಲ್ಲಿ ಹೇಳಿದವನು ನಾನೇ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಅವರು ಮೋಸ ಹೋದದ್ದು ನನ್ನ ಮಾತನ್ನು ನಂಬಿ.

ಬೆಳಿಗ್ಗೆ ಐದೂವರೆಗೆ ಇಳಿದರು. ಸಣ್ಣ ಮಳೆ. ಬಸ್ಸಿನ ಮೆಟ್ಟಿಲ ಹತ್ತಿರವೇ ಒಬ್ಬ ಆಟೊದವನು ನಿಂತಿದ್ದ. "ಅಮ್ಮಾ, ಯಾವೂರು? ಹಾವೇರಿಯಾ? ಅಯ್ಯೋ, ನನ್ನ ಹೆಂಡತಿಯ ಊರು ಅಲ್ಲೇ ಬ್ಯಾಡಗಿ ಹತ್ತಿರ" ಎಂದ. ದೊಡ್ಡಮ್ಮನ ಕೈಯಿಂದ ಚೀಲ ತೆಗೆದುಕೊಂಡ. ದೊಡ್ಡಪ್ಪನ ತಲೆ ಮೇಲೆ ಕೊಡೆ ಹಿಡಿದ. ಚಹಾ ಕುಡಿಸಿ, ಅದರ ದುಡ್ಡನ್ನೂ ತಾನೇ ಕೊಟ್ಟ. "ಹೆತ್ತ ಮಗನೂ ಹಂಗ ನೋಡೂದಿಲ್ಲ" ಎಂದು ದೊಡ್ಡಮ್ಮ ನನಗೆ ಆರು ಗಂಟೆಗೇ ಫೋನ್ ಮಾಡಿ ಹೇಳಿದರು. ನಾನೂ ಖುಷಿಪಟ್ಟೆ.

ಆಮೇಲೆ ಶುರುವಾಯಿತು. ಮಠದಲ್ಲಿ ಪರ್ಯಾಯದ ತಯಾರಿ ನಡೆಯುತ್ತಿದೆ, ಹನ್ನೊಂದು ಗಂಟೆವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ, ಹತ್ತಿರದ ರೂಮುಗಳೆಲ್ಲ ತುಂಬಿವೆ ಎಂದ. ಇದು ಶುದ್ಧ ಸುಳ್ಳು. ಪರ್ಯಾಯ ಎರಡು ವರ್ಷಕ್ಕೊಮ್ಮೆ, ಅದೂ ಜನವರಿ 18ಕ್ಕೆ ನಡೆಯುವುದು. ಅಷ್ಟ ಮಠಗಳಲ್ಲಿ ಒಂದರ ಕೈಯಿಂದ ಇನ್ನೊಂದಕ್ಕೆ ಕೃಷ್ಣನ ಪೂಜೆಯ ಹೊಣೆ ಹೋಗುವ ದಿನ ಅದು. ಇಲ್ಲಿಯವರಿಗೆ ಜೂನ್ ತಿಂಗಳಲ್ಲಿ ಹಾಗೆ ಹೇಳಿದರೆ ಮುಖ ನೋಡಿಯಾರು. ಆದರೆ ಹಾವೇರಿಯಿಂದ ಬಂದ ಇಬ್ಬರು ವಯಸ್ಸಾದವರಿಗೆ ಹೇಗೆ ಗೊತ್ತಾಗಬೇಕು? ಪರ್ಯಾಯ ಎಂಬ ಹೆಸರು ಕೇಳಿದ್ದರು, ಅಷ್ಟೇ. ಅದನ್ನೇ ಅವನು ಹಿಡಿದುಕೊಂಡ.

ಹೆದ್ದಾರಿ ಬದಿಯ ಒಂದು ಲಾಡ್ಜಿಗೆ ಕರೆದುಕೊಂಡು ಹೋದ. ಆಟೊಗೆ 300 ರೂಪಾಯಿ. ಮೀಟರ್ ಹಾಕಲೇ ಇಲ್ಲ. ರೂಮಿಗೆ 2,600. ಇರಬೇಕಾದದ್ದು ಒಂದು ಹಗಲು ಮಾತ್ರ, ಸ್ನಾನ ಮಾಡಿ ಬಟ್ಟೆ ಬದಲಿಸಲಿಕ್ಕೆ. ಕೊನೆಗೆ ಸೇಂಟ್ ಮೇರೀಸ್ ದ್ವೀಪದ ಮಾತು ತೆಗೆದ. "ಉಡುಪಿಗೆ ಬಂದು ದ್ವೀಪ ನೋಡದೆ ಹೋಗ್ತೀರಾ? ನನ್ನ ಭಾವನದ್ದೇ ಬೋಟು. ಮಧ್ಯಾಹ್ನ ಮೂರಕ್ಕೆ ಮಲ್ಪೆಯಲ್ಲಿ ಕಾಯ್ತಾನೆ. ಇಬ್ಬರಿಗೆ ಮೂರು ಸಾವಿರ, ಈಗ ಎರಡು ಕೊಡಿ ಸಾಕು." ದೊಡ್ಡಪ್ಪ ಫೋನಿನಲ್ಲಿ ಕಳಿಸಲು ಹೋದರೆ, "ನನ್ನದರಲ್ಲಿ ನೆಟ್‌ವರ್ಕ್ ಬರ್ತಾ ಇಲ್ಲ, ಕ್ಯಾಶ್ ಇದ್ದರೆ ಕೊಡಿ ಅಪ್ಪಾ" ಎಂದನಂತೆ. ಒಂದು ಚೀಟಿ ಬರೆದುಕೊಟ್ಟ. ಔಷಧಿ ಅಂಗಡಿಯ ಬಿಲ್ಲಿನ ಹಿಂಬದಿ, ನೀಲಿ ಪೆನ್ನಿನಲ್ಲಿ: "2 ಜನ, 3 ಗಂಟೆ, ಬಾಕಿ 1000." ಕೆಳಗೆ ಒಂದು ಫೋನ್ ನಂಬರು, ಒಂದು ಸುರುಳಿ ಸಹಿ. ಹೊರಡುವಾಗ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ. ಇದನ್ನು ಹೇಳುವಾಗ ದೊಡ್ಡಮ್ಮನ ಗಂಟಲು ಕಟ್ಟಿತ್ತು.

ದರ್ಶನವೇನೋ ಚೆನ್ನಾಗಿಯೇ ಆಯಿತು. ಹನ್ನೊಂದಕ್ಕೆ ಹೋದರು. ಬೆಳಗಿನಿಂದಲೂ ದರ್ಶನ ಇತ್ತು ಎಂದು ಸಾಲಿನಲ್ಲಿದ್ದವರು ಹೇಳಿದಾಗಲೂ ಇವರಿಗೆ ಸಂಶಯ ಬರಲಿಲ್ಲ. ಒಂಬತ್ತು ಕಿಂಡಿಯಿಂದ ಕೃಷ್ಣನನ್ನು ನೋಡಿದರು, ಹೊರಗೆ ಬಂದು ಕನಕನ ಕಿಂಡಿಯ ಮುಂದೆ ದೊಡ್ಡಪ್ಪ ಬಹಳ ಹೊತ್ತು ನಿಂತರಂತೆ. ಕನಕದಾಸರು ಅವರ ಜಿಲ್ಲೆಯವರು, ಬಾಡದವರು.

ಊಟ ಮುಗಿಸಿ ಮಲ್ಪೆಗೆ ಸಿಟಿ ಬಸ್ಸು ಹತ್ತಿದರು. ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ನಮ್ಮ ಕಡೆಯ ಬಸ್ಸಿನ ಕಂಡಕ್ಟರುಗಳು ಹೇಗೆ ಎಂದು ಬಂದವರಿಗೆಲ್ಲ ಗೊತ್ತು. ಹಿಂದಿನ ಬಸ್ಸು ಬರುವುದರೊಳಗೆ ಮುಂದಿನ ಸ್ಟಾಪು ಮುಟ್ಟಬೇಕು, ಮಾತಿಗೆ ಪುರುಸೊತ್ತಿಲ್ಲ. "ಬೇಗ ಹತ್ತಿ, ಒಳಗೆ ಹೋಗಿ, ಒಳಗೆ ಜಾಗ ಉಂಟು" ಎಂದು ಬೊಬ್ಬೆ. ಮೆಟ್ಟಿಲ ಮೇಲೆ ಕಾಲಿಡುವುದೇ ತಡ, "ರೈಟ್ ಪೋಯಿ!" ದೊಡ್ಡಮ್ಮನಿಗೆ ಮೊದಲೇ ಮಂಡಿ ನೋವು. "ಏನ್ ಒರಟ ಮಂದೀನೋ" ಎಂದುಕೊಂಡರಂತೆ.

ಟಿಕೆಟ್ ಕೊಡುವಾಗ ಕಂಡಕ್ಟರ್ ಕೇಳಿದ, "ಮಲ್ಪೆಯಲ್ಲಿ ಎಲ್ಲಿಗೆ?"

"ಬೋಟಿಗ್ರೀ. ದ್ವೀಪಕ್ಕ."

"ಬೋಟ್ ಇಲ್ಲ ಈಗ. ಮಳೆಗಾಲ ಅಲ್ವಾ? ಸುಮ್ನೆ ಎಂತಕ್ಕೆ ಹೋಗುದು?"

ಇಷ್ಟೇ ಹೇಳಿ ಮುಂದಿನ ಸೀಟಿಗೆ ಹೋದ. ನೋಡಿ, ಅಲ್ಲಿಗೆ ಸತ್ಯ ಕಿವಿಗೆ ಬಿದ್ದಿತ್ತು. ಆ ಹೊತ್ತಿಗೇ ಫೋನ್ ಮಾಡಿದ್ದರೆ ಆಟೊದವನನ್ನು ಹುಡುಕಬಹುದಿತ್ತೋ ಏನೋ. ಆದರೆ ಇಬ್ಬರೂ ಕಂಡಕ್ಟರನ ಮಾತು ನಂಬಲಿಲ್ಲ. "ಗಂಟು ಮುಖದವ, ಏನೋ ಹೇಳ್ತಾನ" ಎಂದು ದೊಡ್ಡಪ್ಪ ಚೀಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಮಲ್ಪೆ ಬಂದರಿನಲ್ಲಿ ಸಾಲು ಸಾಲು ಬೋಟು ನಿಂತದ್ದು ಕಂಡಾಗ ಇನ್ನೂ ಧೈರ್ಯ ಬಂತು. ಅವು ಮೀನು ಹಿಡಿಯುವ ಬೋಟುಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುವುದರಿಂದ ಎಲ್ಲವನ್ನೂ ತಂದು ಕಟ್ಟಿದ್ದು. ಗೊತ್ತಿಲ್ಲದವರಿಗೆ ಅದು ಹೊರಡಲು ತಯಾರಾಗಿ ನಿಂತ ಹಾಗೇ ಕಾಣುತ್ತದೆ.

ಬೀಚಿನ ಉದ್ದಕ್ಕೂ ಬಲೆ ಕಟ್ಟಿ, ಕೆಂಪು ಬಾವುಟ ನೆಟ್ಟಿದ್ದರು. ಪ್ರತಿ ಮಳೆಗಾಲದಲ್ಲಿ ಹಾಗೆ ಮಾಡುತ್ತಾರೆ. ಭಾವನ ಬೋಟು ಹುಡುಕುತ್ತಾ ಇವರು ಬಲೆಯ ಅಂಚಿಗೆ ಹೋಗಿದ್ದಾರೆ. ಸೀಟಿ ಊದುತ್ತಾ ಒಬ್ಬ ಓಡಿ ಬಂದ. "ಹಿಂದೆ ಹೋಗಿ! ಬಲೆ ಹಾಕಿದ್ದು ಕಾಣುದಿಲ್ವಾ? ಎಂತ, ಸಾಯ್ಲಿಕ್ಕೆ ಬಂದದ್ದಾ?" ದೊಡ್ಡಮ್ಮ ಅಲ್ಲೇ ಅತ್ತುಬಿಟ್ಟರು. ಇಷ್ಟು ವಯಸ್ಸಿನಲ್ಲಿ ಯಾರೂ ಅವರಿಗೆ ಹಾಗೆ ಗದರಿದ್ದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನೇ ಚೀಟಿ ಓದಿ, ತನ್ನ ಫೋನಿನಿಂದ ಆ ನಂಬರಿಗೆ ನಾಲ್ಕು ಸಲ ಹಚ್ಚಿ ನೋಡಿದ. ಸ್ವಿಚ್ ಆಫ್. ಇಬ್ಬರನ್ನೂ ಒಂದು ಅಂಗಡಿಯ ಮಾಡಿನಡಿ ಕೂರಿಸಿ, ನನಗೆ ಫೋನ್ ಮಾಡಿದವನೂ ಅವನೇ. "ನಿಮ್ಮವರು ಇಲ್ಲಿದ್ದಾರೆ. ಬೇಗ ಬನ್ನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನಾನು ಅರ್ಧ ದಿನ ರಜೆ ಹಾಕಿ ಓಡಿದೆ.

ಅಷ್ಟರಲ್ಲಿ ಇನ್ನೊಂದು ಆಗಿತ್ತು. ಗಡಿಬಿಡಿಯಲ್ಲಿ ದೊಡ್ಡಮ್ಮ ಬಸ್ಸಿನಲ್ಲೇ ಒಂದು ಚೀಲ ಬಿಟ್ಟಿದ್ದರು. ಅದರಲ್ಲಿ ಬಿಪಿ ಮಾತ್ರೆ, ಕನ್ನಡಕ, ಊರಿಗೆ ಹೋಗುವ ದುಡ್ಡು. ಅದೇ ಕಂಡಕ್ಟರ್ ಮುಂದಿನ ಟ್ರಿಪ್ಪಿನಲ್ಲಿ ಬಂದವನು ಬಸ್ ನಿಲ್ಲಿಸಿ, ಇಳಿದು, ಅಂಗಡಿ ಅಂಗಡಿ ಕೇಳಿಕೊಂಡು ಬಂದು ಚೀಲವನ್ನು ಮಡಿಲಿಗೆ ಹಾಕಿದ. "ಅಜ್ಜಿ, ಹೀಗೆ ಬಿಟ್ಟು ಹೋದ್ರೆ ಹೇಗೆ? ಎಲ್ಲ ಸರಿ ಉಂಟಾ ನೋಡಿ." ದೊಡ್ಡಪ್ಪ ನೂರು ರೂಪಾಯಿ ಕೊಡಹೋದರೆ ತಿರುಗಿ ಕೂಡ ನೋಡದೆ ಬಸ್ಸಿಗೆ ಓಡಿದನಂತೆ.

ಅಂದು ರಾತ್ರಿ ನನಗೆ ಎಂದೋ ಓದಿದ್ದು ನೆನಪಾಯಿತು. ಯಾವ ಊರಿನ ಜನ ಒಳ್ಳೆಯವರು, ಯಾವ ಊರಿನವರು ಒರಟರು ಎಂಬ ಪಟ್ಟಿಗಳು ಆಗಾಗ ಬರುತ್ತವಲ್ಲ? 2006ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ 35 ಊರುಗಳಲ್ಲಿ ಪರೀಕ್ಷೆ ಮಾಡಿತ್ತು. ಹಿಂದೆ ಬರುವವರಿಗೆ ಬಾಗಿಲು ಹಿಡಿಯುತ್ತಾರಾ, ಬಿದ್ದ ಕಾಗದ ಹೆಕ್ಕಿ ಕೊಡುತ್ತಾರಾ, ಅಂಗಡಿಯವರು ಥ್ಯಾಂಕ್ಸ್ ಹೇಳುತ್ತಾರಾ ಎಂದು. ನ್ಯೂಯಾರ್ಕ್ ಮೊದಲು ಬಂತು, ಮುಂಬೈ ಎಲ್ಲಕ್ಕಿಂತ ಕೊನೆ. ಅದೇ ಪತ್ರಿಕೆ 2013ರಲ್ಲಿ 16 ಊರುಗಳಲ್ಲಿ ತಲಾ 12 ಪರ್ಸ್ ಬೀಳಿಸಿ ನೋಡಿತು. ಒಳಗೆ ದುಡ್ಡು, ಫೋನ್ ನಂಬರು, ಮನೆಯವರ ಫೋಟೊ. ಹೆಲ್ಸಿಂಕಿಯಲ್ಲಿ 11 ವಾಪಸ್ ಬಂದವು. ಎರಡನೇ ಸ್ಥಾನ ಯಾರಿಗೆ ಗೊತ್ತಾ? ಮುಂಬೈಗೆ, 12ರಲ್ಲಿ 9. ಥ್ಯಾಂಕ್ಸ್ ಹೇಳದ ಊರೇ ಪರ್ಸ್ ವಾಪಸ್ ಕೊಟ್ಟಿತು. ಮಲ್ಪೆ ಬಸ್ಸಿನಲ್ಲಿ ನಮಗಾದದ್ದೂ ಅದೇ.

ನಮ್ಮ ಕರಾವಳಿಯ ಮಾತೇ ಸ್ವಲ್ಪ ಗಿಡ್ಡ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಬೇಕಾದಷ್ಟೇ ಆಡುತ್ತಾರೆ. ಹಾವೇರಿ, ಧಾರವಾಡ ಕಡೆಯ "ಬರ್ರೀ, ಕುಂದರ್ರೀ, ನೀರು ಕುಡೀರಿ" ಕೇಳಿ ಬೆಳೆದವರಿಗೆ ಇದು ಸಿಟ್ಟು ಮಾಡಿದ ಹಾಗೆ ಕೇಳುತ್ತದೆ. ಅದೇ ಮನುಷ್ಯನ ಮನೆಗೆ ಹೋಗಿ ನೋಡಿ, ಕಾಲಿಟ್ಟ ಕೂಡಲೇ ಬೆಲ್ಲ ನೀರು ಮುಂದೆ ಇಡುತ್ತಾರೆ. ಇದನ್ನು ನಾನು ದೊಡ್ಡಮ್ಮನಿಗೆ ಮೊದಲೇ ಹೇಳಿ ಕಳಿಸಬೇಕಿತ್ತು. "ಜನ ಒಳ್ಳೆಯವರು" ಎಂದು ಮಾತ್ರ ಹೇಳಿದೆ. ಅವರು ನಯವಾಗಿ ಮಾತಾಡಿದವನೇ ಒಳ್ಳೆಯವನು ಎಂದುಕೊಂಡರು.

ಎಲ್ಲ ಆಟೊದವರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ನಡು ರಾತ್ರಿ ನನ್ನ ಹೆಂಡತಿಯನ್ನು ಹೆರಿಗೆಗೆ ಕರೆದುಕೊಂಡು ಹೋಗಿ ದುಡ್ಡು ಬೇಡ ಎಂದವರೂ ಆಟೊದವರೇ. ಆದರೆ ಬಸ್ಸಿನ ಬಾಗಿಲಿಗೇ ಬಂದು ಚೀಲಕ್ಕೆ ಕೈ ಹಾಕುವವನನ್ನು ಬಿಟ್ಟು, ಸಾಲಿನಲ್ಲಿ ನಿಂತ ಆಟೊ ಹತ್ತಿ. ಮೀಟರ್ ಹಾಕಲು ಹೇಳಿ. ಹತ್ತುವ ಮೊದಲು ಆಟೊ ನಂಬರಿನ ಒಂದು ಫೋಟೊ ತೆಗೆದು ಮನೆಯವರಿಗೆ ಕಳಿಸಿ, ಇದೊಂದನ್ನು ದಯವಿಟ್ಟು ಬಿಡಬೇಡಿ. ನಾವು ಪೊಲೀಸ್ ಠಾಣೆಗೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಗಾಡಿ ನಂಬರ್ ಉಂಟಾ?" ಎಂದು. ನಮ್ಮಲ್ಲಿ ಇರಲಿಲ್ಲ. ದೂರು ಬರೆದುಕೊಂಡಿದ್ದಾರೆ, ಸ್ವಿಚ್ ಆಫ್ ಆದ ಆ ಒಂದು ಫೋನ್ ನಂಬರಿನ ಮೇಲೆ.

ಕೃಷ್ಣನ ದರ್ಶನಕ್ಕೆ ಮಧ್ಯವರ್ತಿ ಬೇಡ, ಮಠದ ಊಟಕ್ಕೂ ದುಡ್ಡಿಲ್ಲ. "ಇವತ್ತು ಬಂದ್" ಎಂದು ಯಾರಾದರೂ ಹೇಳಿದರೆ ಮಠದ ರಥಬೀದಿಗೆ ಹೋಗಿ ನಿಮ್ಮ ಕಣ್ಣಾರೆ ನೋಡಿ. ದ್ವೀಪದ ಬೋಟು ಮಳೆಗಾಲ ಶುರುವಾದರೆ ಇಲ್ಲ, ಸುಮಾರು ಸೆಪ್ಟೆಂಬರ್ ಕಳೆಯುವವರೆಗೂ. ಬೋಟು ಇರುವ ದಿನಗಳಲ್ಲಿ ಟಿಕೆಟ್ ಮಲ್ಪೆಯ ಕೌಂಟರಿನಲ್ಲೇ ಸಿಗುತ್ತದೆ. ಆಟೊದಲ್ಲಿ ಕೂತು ಯಾರಿಗೂ ಮುಂಗಡ ಕೊಡಬೇಡಿ. ನೆಟ್‌ವರ್ಕ್ ಇಲ್ಲ, ಕ್ಯಾಶೇ ಬೇಕು ಎಂದರೆ ಅಲ್ಲಿಗೇ ನಿಲ್ಲಿಸಿ.

ಲಾಡ್ಜಿಗೂ ಹೋಗಿ ಕೇಳಿದೆ. ಗೋಡೆ ಮೇಲಿನ ಬೋರ್ಡಿನಲ್ಲಿ ಅದೇ ರೂಮಿಗೆ 1,400 ಎಂದಿತ್ತು. "ಕರೆದುಕೊಂಡು ಬಂದವರಿಗೆ ಕೊಡ್ಲಿಕ್ಕೆ ಉಂಟಲ್ಲ ಸರ್" ಎಂದು ಕೌಂಟರಿನವರು ನಗುನಗುತ್ತಲೇ ಹೇಳಿದರು. ಕರೆದುಕೊಂಡು ಬಂದವನು ಯಾರು ಎಂದು ಕೇಳಿದರೆ ಗೊತ್ತಿಲ್ಲವಂತೆ.

ಆ ಚೀಟಿ ನನ್ನ ಹತ್ತಿರ ಇದೆ. ಔಷಧಿ ಬಿಲ್ಲಿನ ಹಿಂಬದಿ, ನೀಲಿ ಪೆನ್ನು, ಸುರುಳಿ ಸಹಿ. ಅಂಥದ್ದೇ ಚೀಟಿ ನಿಮ್ಮ ಮನೆಯವರಿಗೂ ಯಾರಾದರೂ ಕೊಟ್ಟಿದ್ದರೆ, ಬಿಸಾಡಬೇಡಿ. ಅದರ ಫೋಟೊ ಕಳಿಸಿ, ನಮ್ಮ ದೂರಿನ ಜೊತೆ ಠಾಣೆಗೆ ಕೊಡುತ್ತೇನೆ.